ಕಿರುಬೆರಳು ಹಿಡಿಯುವಷ್ಟು ಸಂದು

ಬೆಳಗಿನ ಆರಕ್ಕೇ ಸಿರುಗುಪ್ಪದ ತರಕಾರಿ ಮಾರುಕಟ್ಟೆಯ ಮೂಲೆಯಲ್ಲಿ ಪಾರಮ್ಮ ಗೋಣಿಚೀಲ ಹಾಸಿ ಕೂತಿದ್ದಾರೆ. ಮುಂದೆ ಒದ್ದೆ ಮಸೆಗಲ್ಲು, ಪಕ್ಕದಲ್ಲಿ ಚೊಂಬು ನೀರು. ಬಳ್ಳಾರಿಯ ಕೌಲ್ ಬಜಾರಿನಿಂದ ಮೊದಲ ಬಸ್ಸಿಗೇ ಬಂದವರು. ಎಲೆಕೋಸು ಮಾರುವ ಹುಲುಗೇಶ್ ಚಾಕು ಕೊಟ್ಟು ಅವಸರ ಮಾಡುತ್ತಾನೆ. "ಗಡಿಬಿಡಿ ಮಾಡಬ್ಯಾಡಲೇ, ಚಾಕು ಎಲ್ಲಿಗೂ ಓಡಿ ಹೋಗಂಗಿಲ್ಲ" ಎಂದು ಗದರಿಸಿ, ಅದನ್ನು ಕಲ್ಲಿನ ಮೇಲೆ ಆಡಿಸುತ್ತಾರೆ. ಹತ್ತು ಗಂಟೆಯೊಳಗೆ ಮೂವತ್ತು ಚಾಕು, ನಾಲ್ಕೈದು ಈಳಿಗೆ ಮುಗಿಯುತ್ತವೆ.

ಅರವತ್ತೊಂದರ ಪಾರಮ್ಮನಿಗೆ ಈ ಕಸುಬು ಗಂಡ ಪಕ್ಕೀರಪ್ಪನಿಂದ ಬಂದದ್ದು. ಅವರು ಸೈಕಲ್ಲಿಗೆ ಸಾಣೆಚಕ್ರ ಕಟ್ಟಿಕೊಂಡು ಊರೂರು ತಿರುಗುತ್ತಿದ್ದರು. ಹದಿನೆಂಟು ವರ್ಷದ ಹಿಂದೆ ಅವರು ತೀರಿಕೊಂಡಾಗ ಪಾರಮ್ಮ ಅದೇ ಚಕ್ರ ತುಳಿಯತೊಡಗಿದರು. ಕೈಗೆ ಹದ ಗೊತ್ತಿರಲಿಲ್ಲ. ಕುರುಗೋಡಿನ ಚನ್ನವೀರಮ್ಮನವರ ಅಡುಗೆಮನೆ ಚಾಕು ಕಿಡಿ ಹಾರಿ ಹಾರಿ ಅರ್ಧಕ್ಕರ್ಧ ಸವೆದೇಹೋಯಿತು.

"ಬೈತಾರ ಅಂತ ಮಾಡಿದ್ದೆ ನೋಡ್ರಿ. ಆಯಮ್ಮ ಒಳಗ ಹೋಗಿ ತಮ್ಮ ಮಸೆಗಲ್ಲು ತಂದು ನನ್ನ ಕೈಯಾಗಿಟ್ರು. 'ಚಕ್ರ ಬಿಡು ಪಾರವ್ವ, ಇದರ ಮ್ಯಾಲ ನಿಧಾನಕ್ಕ ಕಲಿ' ಅಂದ್ರು."

ಇವತ್ತು ಸಿರುಗುಪ್ಪದಲ್ಲಿ ಅವರ ಮುಂದಿರುವುದೂ ಅದೇ ಕಲ್ಲು. ದಿನಾ ಕೆಲಸಕ್ಕೆ ಮೊದಲು ಅದನ್ನು ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಾರೆ.

ಈಗ ಬಲಗೈ ಮಣಿಕಟ್ಟು ಸೋತಿದೆ. ದೀಪಾವಳಿಯೊಳಗೆ ಕೆಲಸ ಬಿಡಬೇಕೆಂದು ವೈದ್ಯರು ಹೇಳಿಯಾಗಿದೆ. ತಾನು ಬಿಟ್ಟರೆ ಹೆಂಗಸರು ಮತ್ತೆ ಮನೆ ಮುಂದಿನ ಬಂಡೆಗೇ ಚಾಕು ಉಜ್ಜಿ ಅಲಗು ಕೆಡಿಸುತ್ತಾರೆ, ಮೊಂಡು ಚಾಕು ಜಾರಿ ಬೆರಳು ಕೊಯ್ದುಕೊಳ್ಳುತ್ತಾರೆ ಎಂಬುದೇ ಅವರ ಚಿಂತೆ. ಹಾಗಾಗಿ ಹೋದ ಮನೆಯಲ್ಲೆಲ್ಲ ಮಸೆಯುವುದನ್ನೇ ಕಲಿಸಿ ಬರುತ್ತಿದ್ದಾರೆ. ತಮ್ಮ ಅನ್ನಕ್ಕೆ ತಾವೇ ಕಲ್ಲು ಹಾಕಿಕೊಳ್ಳುವ ಇಂಥವರು ಎಷ್ಟು ಮಂದಿ ಸಿಗುತ್ತಾರೆ! ಹೊಟ್ಟೆಪಾಡಿನ ಮಾತೆತ್ತಿದರೆ ನಗುತ್ತಾರೆ: "ಮಗಳು ಅನಿತಾ ಬಟ್ಟಿ ಹೊಲಿತಾಳ, ನನಗೊಂದು ತುತ್ತು ಹಾಕಂಗಿಲ್ಲೇನು?"

ಗುರುವಾರ ಕುರುಗೋಡಿನ ಸರದಿ. ಚನ್ನವೀರಮ್ಮನವರ ಸೊಸೆ ಅಕ್ಷತಾಗೆ ಪಾಠ ನಡೆದಿದೆ. "ಚಾಕು ನೆಟ್ಟಗ ನಿಲ್ಲಿಸಬ್ಯಾಡವ್ವ. ಕಲ್ಲಿನ ಮ್ಯಾಲ ಮಲಗಿಸಿ, ಬೆನ್ನಿನ ಕೆಳಗ ಕಿರುಬೆರಳು ಹಿಡಿಯೋವಷ್ಟು ಸಂದು ಬಿಡು, ಸಾಕು. ಈ ಮಗ್ಗಲು ಹತ್ತು ಸಲ, ಆ ಮಗ್ಗಲು ಹತ್ತು ಸಲ. ಕಲ್ಲಿಲ್ಲಂದ್ರ ಪಿಂಗಾಣಿ ಬಟ್ಟಲ ಬೋರಲು ಹಾಕು, ತಳದಾಗಿನ ಒರಟು ಅಂಚಿನ ಮ್ಯಾಲ ಮಸಿ."

ತಮ್ಮ ಮನೆಯ ಚಾಕು ಮುಗಿಸಿದ ಅಕ್ಷತಾ ಕೈ ಚಾಚುತ್ತಾರೆ. "ಬುತ್ತಿ ಜೊತಿ ಉಳ್ಳಾಗಡ್ಡಿ ಹೆಚ್ಚಾಕ ನಿಮ್ಮ ಚಾಕು ತಂದಿರ್ತೀರಲ್ಲ, ಕೊಡ್ರಿ ಇಲ್ಲಿ."

ಪಾರಮ್ಮ ಸಂಕೋಚದಿಂದಲೇ ಚೀಲಕ್ಕೆ ಕೈಹಾಕುತ್ತಾರೆ. ಊರ ಚಾಕುಗಳನ್ನೆಲ್ಲ ಮಸೆದು ಮನೆಗೆ ಬರುವಷ್ಟರಲ್ಲಿ ಕೈ ನೋಯುತ್ತಿರುತ್ತದೆ, ಅವರದೇ ಚಾಕು ಎರಡು ತಿಂಗಳಿಂದ ಮೊಂಡಾಗಿದೆ. ಅಕ್ಷತಾ ಕಿರುಬೆರಳು ಇಟ್ಟು ಅಳತೆ ನೋಡಿ, ಎಣಿಸಿಕೊಂಡು ಮಸೆಯುತ್ತಾರೆ. ಮಸೆದ ಚಾಕುವನ್ನು ಪಾರಮ್ಮ ಟೊಮೆಟೊ ಮೇಲೆ ಹಗುರಾಗಿ ಎಳೆದರೆ ಸಿಪ್ಪೆ ಸಲೀಸಾಗಿ ಬಿಡುತ್ತದೆ. ಕುರ್ಚಿಯಲ್ಲಿ ಕೂತ ಚನ್ನವೀರಮ್ಮ ತಲೆಯಾಡಿಸುತ್ತಾರೆ.

ಪಾರಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತಾರೆ. "ಹದಿನೆಂಟು ವರ್ಷಕ್ಕ ನನ್ನ ಚಾಕು ಇನ್ನೊಬ್ರು ಮಸೆದು ಕೊಟ್ಟಿದ್ದು ಇದೇ ಮೊದ್ಲು. ನನ್ನ ಕೈ ಒಂದು ಸೋತರೇನ್ರೀ, ಈಗ ಭಾಳ ಕೈ ಅದಾವು."