ಫ್ರೀಜರಿನಾಚೆಯ ಮಂಜುಗಡ್ಡೆ

"ಟೋಪಿ ಎಲ್ಲೋ? ಕಿವಿ ಮುಚ್ಕೊಳ್ಳೋ!" ಎಂದು ನಾನು ಪಕ್ಕದ ಮನೆಯ ವಿಜ್ಞಾನಿ ಪದ್ಮಾ ಆಂಟಿಯ ದನಿಯಲ್ಲಿ ಕೂಗಿದಾಗ ಗೆಳೆಯರು ನಗಲಿಲ್ಲ. ತಿರುಗಿದರೆ ಬಾಗಿಲಲ್ಲಿ, ಪುಳಿಯೋಗರೆ ಡಬ್ಬಿ ಹಿಡಿದ ಆಂಟಿ! ಹೈಡೆಲ್‌ಬರ್ಗ್‌ನ ನಮ್ಮ ಅಡುಗೆಮನೆಯಲ್ಲಿ ಕೂತು, ಐಸ್‌ಲ್ಯಾಂಡಿನ ಸರೋವರದಲ್ಲಿ ತೇಲುವ ಹಿಮಬಂಡೆಗಳ ನಡುವೆ ದೋಣಿಯಲ್ಲಿ ಸುತ್ತಲು ಬುಕಿಂಗ್ ಮಾಡುತ್ತಿದ್ದೆವು. ಆಂಟಿಯನ್ನು ಕರೆಯುವುದು ಬೇಡ ಎಂದಿದ್ದವನೂ ನಾನೇ.

"ನನ್ನ ದನಿ ಅಷ್ಟು ಕೀರಲೇನೋ? ಇರ್ಲಿ, ನನ್ನ ಹೆಸರೂ ಸೇರ್ಸು. ಮೂವತ್ತು ವರ್ಷದಿಂದ ಲ್ಯಾಬಲ್ಲಿ ಹಿಮನದಿ ಐಸ್ ಕುಯ್ದು ನೋಡ್ತಿದೀನಿ. ಫ್ರೀಜರಿಂದಾಚೆ ಒಂದ್ಸಲನೂ ನೋಡಿಲ್ಲ ಕಣೋ" ಎಂದರು.

ಪಟ್ಟಿಯಲ್ಲಿ ಮೊದಲು ಅವರ ಹೆಸರನ್ನೇ ಹಾಕಿದೆ. ಈಜು ಬಾರದ ನಾನು, ದೋಣಿ ಹತ್ತುವ ದಿನಕ್ಕೆಂದು ಹೊಟ್ಟೆನೋವಿನ ನಟನೆಯೊಂದನ್ನು ಅಭ್ಯಾಸ ಮಾಡಿಟ್ಟಿದ್ದೆ. ಈಗ ಅದನ್ನು ಕೈಬಿಟ್ಟು ಆಂಟಿಯ ಪಕ್ಕದ ಸೀಟು ಹಿಡಿದಿದ್ದೇನೆ. ಕಿವಿ ಮುಚ್ಚುವ ಟೋಪಿಯನ್ನೂ ಕೊಂಡಿದ್ದೇನೆ.