ನಡುಹೊಲದ ತೆನೆ

ಕೆಂಪರಾಜನಿಗೆ ರಾಗಿ ಚೆನ್ನಾಗಿ ಗೊತ್ತಿತ್ತು, ಮುದ್ದೆಯ ರೂಪದಲ್ಲಿ. ಅದಕ್ಕಿಂತ ಹಿಂದಿನ ಅದರ ಬಾಳಿನ ಬಗ್ಗೆ ಅವನು ಯಾವತ್ತೂ ವಿಚಾರಿಸಿದವನಲ್ಲ. ಹೊಸ ತಿಪ್ಪಸಂದ್ರದ ಮಾರ್ಕೆಟ್ ರಸ್ತೆಯಲ್ಲಿ ಹಿಟ್ಟಿನ ಗಿರಣಿಯ ಎದುರಿಗೇ ಬೆಳೆದ ಹುಡುಗ. ರಾಗಿ ಗಿರಣಿಯಲ್ಲೇ ಹುಟ್ಟುತ್ತದೆ ಅನ್ನುವಷ್ಟು ನೆಮ್ಮದಿಯಾಗಿದ್ದ. ಅಂಥವನಿಗೆ ತೊಂಬತ್ತೊಂಬತ್ತನೇ ಇಸವಿಯಲ್ಲಿ ಸಿಕ್ಕಿದ್ದು ಹೊಲಹೊಲ ಸುತ್ತಿ ಇಳುವರಿ ಅಳೆಯುವ ಕೆಲಸ. ಹೊಸ ತಳಿಗಳನ್ನು ರೈತರ ಹೊಲದಲ್ಲೇ ಬೆಳೆಸಿ ನೋಡುವ ಯೋಜನೆ, ಹನ್ನೊಂದು ತಿಂಗಳ ಕಾಂಟ್ರಾಕ್ಟು. ಎರಡು ದಿನ ಟ್ರೈನಿಂಗ್ ಕೊಟ್ಟು, ಕೈಗೆ ಒಂದು ಕೊಕ್ಕೆ ತಕ್ಕಡಿ, ನಾಲ್ಕು ಗೂಟ, ಒಂದು ಹಗ್ಗ ಕೊಟ್ಟು ಕಳಿಸಿದರು. ಮೊದಲ ದಿನವೇ ಅವನು ಹಸು ಮೇಯುವ ಹುಲ್ಲಿನ ಮುಂದೆ ನಿಂತು 'ಬೆಳೆ ಚೆನ್ನಾಗಿದೆ' ಎಂದು ಬರೆದುಕೊಂಡ. ಹುಲ್ಲು ನಿಜಕ್ಕೂ ಚೆನ್ನಾಗಿತ್ತು.

ಡಿಸೆಂಬರಿನಲ್ಲಿ ಒಂದು ಬೆಳಿಗ್ಗೆ, ಟಿನ್ ಫ್ಯಾಕ್ಟರಿ ಹತ್ತಿರ ಬಸ್ಸು ಬದಲಿಸಿ, ಕೆ.ಆರ್. ಪುರ ದಾಟಿ ಬೈರಮ್ಮನ ಹೊಲಕ್ಕೆ ಬಂದ. ಒಂದೇ ಎಕರೆ. ಅರ್ಧಕ್ಕೆ ಬೈರಮ್ಮನ ಮನೆಯ ಬೀಜ, ಇನ್ನರ್ಧಕ್ಕೆ ಯೋಜನೆಯವರು ಕೊಟ್ಟ ಹೊಸ ಬೀಜ. ಬದುವಿನ ಮೇಲೆ ಬೈರಮ್ಮನ ಮಗ ಮುನಿರಾಜ್ ಕುಡುಗೋಲು ಹಿಡಿದು ನಿಂತಿದ್ದ. ಕಾರ್ಖಾನೆಯಲ್ಲಿ ಶಿಫ್ಟಿನ ಕೆಲಸ. ಇವತ್ತು ರಜಾ ಹಾಕಿದ್ದ.

"ಗುರು, ಇವತ್ತು ನಮ್ಮನೆ ಪಂಚಾಯ್ತಿ ತೀರ್ಮಾನ ಆಗ್ಬೇಕು," ಎಂದ. "ಬಿತ್ತನೆ ದಿನಾನೇ ಅಮ್ಮನಿಗೆ ಹೇಳಿದೀನಿ. ಯಾವುದು ಜಾಸ್ತಿ ತೂಗುತ್ತೋ ಮುಂದಿನ ವರ್ಷ ಇಡೀ ಹೊಲ ಅದೇ. ಇನ್ನೊಂದರ ಮಾತೇ ಎತ್ತಂಗಿಲ್ಲ."

"ಅಮ್ಮ ಒಪ್ಪಿದಾರಾ?"

"ಒಪ್ಪಿದಾಳೆ. ಇಪ್ಪತ್ತೇಳು ವರ್ಷದಿಂದ ಒಂದೇ ಬೀಜ ಕಣ್ರೀ! ಟಿವಿ ಬದಲಾಯ್ತು, ಸೂರು ಬದಲಾಯ್ತು, ನಮ್ಮಮ್ಮನ ಬೀಜ ಮಾತ್ರ ಬದಲಾಗ್ಲಿಲ್ಲ."

ಬೈರಮ್ಮ ಇನ್ನೂ ಹಾಲು ಕರೆದು ಬಂದಿರಲಿಲ್ಲ. ಅಷ್ಟರೊಳಗೆ ಅರ್ಧ ಕೆಲಸ ಮುಗಿಸೋಣವೆಂದು ಕೆಂಪರಾಜ್ ಚೀಟಿ ತೆಗೆದ. ಎಲ್ಲಿ ಕೊಯ್ಯಬೇಕು ಎನ್ನುವುದು ಅಳೆಯುವವನ ಇಷ್ಟವಲ್ಲ. ಆಫೀಸಿನವರೇ ಲಾಟರಿ ಥರ ಅಂಕಿ ಎತ್ತಿ ಕೊಟ್ಟಿರುತ್ತಾರೆ. ಮನೆಬೀಜದ ಹೊಲಕ್ಕೆ: ಮೂಲೆಯಿಂದ ಬದುವಿನ ಗುಂಟ ಮೂವತ್ತೊಂದು ಹೆಜ್ಜೆ, ಅಲ್ಲಿಂದ ಒಳಕ್ಕೆ ಹದಿನಾಲ್ಕು ಹೆಜ್ಜೆ. ಅಲ್ಲಿ ಗೂಟ ಹೊಡೆದು ಐದು ಮೀಟರಿನ ಚೌಕ ಕಟ್ಟಬೇಕು.

ಮೂವತ್ತೊಂದು ಹೆಜ್ಜೆ ಸರಾಗವಾಗಿ ನಡೆದ. ಒಳಕ್ಕೆ ತಿರುಗಿದರೆ ಪೈರೆಲ್ಲ ಇಬ್ಬನಿಯಲ್ಲಿ ತೊಯ್ದು ನಿಂತಿತ್ತು. ಕಾಲಲ್ಲಿ ಕಮರ್ಷಿಯಲ್ ಸ್ಟ್ರೀಟಿನಲ್ಲಿ ಹೋದ ವಾರ ಕೊಂಡ ಬೂಟು. ಹದಿನಾಲ್ಕು ಹೆಜ್ಜೆಯಲ್ಲಿ ದೇಶವೇನೂ ಮುಳುಗುವುದಿಲ್ಲ ಎಂದು ಮನಸ್ಸಿನಲ್ಲೇ ತೀರ್ಮಾನಿಸಿ, ಬದುವಿಗೆ ಅಂಟಿಕೊಂಡಂತೆಯೇ ಗೂಟ ಹೊಡೆದ. ರಾಗಿ ತಾನೇ? ಅಲ್ಲಿದ್ದರೂ ರಾಗಿ, ಇಲ್ಲಿದ್ದರೂ ರಾಗಿ. ಮುನಿರಾಜ್ ಕೊಯ್ದ.

ಹೊಸ ಬೀಜದ ಕಡೆ ಬರುವಷ್ಟರಲ್ಲಿ ಬಿಸಿಲು ಬಿದ್ದು ಇಬ್ಬನಿ ಆರಿತ್ತು. ಅಲ್ಲಿ ಚೀಟಿಯಲ್ಲಿದ್ದಂತೆ ಹೆಜ್ಜೆ ಎಣಿಸಿ, ನಡುವಿನಲ್ಲೇ ಚೌಕ ಕಟ್ಟಿದ. ಪ್ರಾಮಾಣಿಕತೆಗೂ ಸ್ವಲ್ಪ ಬಿಸಿಲು ಬೇಕಾಗುತ್ತದೆ.

ಆಗ ಬಂದಳು ಬೈರಮ್ಮ. ಅರವತ್ತು ದಾಟಿದ ಸಣಕಲು ಹೆಂಗಸು.

"ನಮಸ್ಕಾರ ಅಜ್ಜಿ," ಎಂದ ಕೆಂಪರಾಜ್.

"ಅಜ್ಜಿ ಅಂತೆ! ನಿನಗಿಂತ ಜೋರಾಗಿ ಕೊಯ್ತೀನಿ, ಬಾ ನೋಡಾನ," ಎಂದವಳೇ ಟಾರ್ಪಾಲಿನ ಮೇಲೆ ಕೂತು ತೆನೆ ಬಡಿಯತೊಡಗಿದಳು. ಕೈಯಷ್ಟೇ ವೇಗವಾಗಿ ಬಾಯಿಯೂ ಓಡಿತು.

ಅವಳು ಮದುವೆಯಾಗಿ ಬಂದಾಗ ಈ ಎಕರೆಯಲ್ಲಿ ಮೂರು ಮೂಟೆ ರಾಗಿ ಆದರೆ ಹಬ್ಬ. ಗಂಡ ಚಿನ್ನಪ್ಪ ಗಾಡಿ ಕಟ್ಟಿಕೊಂಡು ಶಿವಾಜಿನಗರದ ಮಾರ್ಕೆಟ್ಟಿಗೆ ಸೊಪ್ಪು ಹೊಡೆಯುತ್ತಿದ್ದ. ಬರುವಾಗ ಗಾಡಿ ಖಾಲಿ. ಒಂದು ದಿನ ಇವಳೂ ಜೊತೆಗೆ ಹೋದವಳು, ಜಟಕಾ ಸ್ಟ್ಯಾಂಡಿನ ಪಕ್ಕ ಕುದುರೆ ಲದ್ದಿ ಗುಡ್ಡದಂತೆ ಬಿದ್ದಿದ್ದನ್ನು ನೋಡಿ, ಅಲ್ಲಿದ್ದ ಜಟಕಾ ಓಡಿಸುವ ಅಕ್ತರ್ ಸಾಬರನ್ನು ಕೇಳಿಯೇಬಿಟ್ಟಳು. "ತಗೊಂಡೋಗು ತಾಯಿ, ಪುಣ್ಯ ಬರುತ್ತೆ," ಎಂದರಂತೆ ಅವರು. ಸೊಪ್ಪು ಹೋದ ಗಾಡಿಯಲ್ಲಿ ಲದ್ದಿ ಬಂತು. ತಿಪ್ಪೆಯಲ್ಲಿ ಕೊಳೆಸಿ ಹೊಲಕ್ಕೆ ಹಾಕಿದ ಮೂರನೇ ವರ್ಷಕ್ಕೆ ಆರು ಮೂಟೆ. ಆಮೇಲೆ ಆಟೋಗಳು ಬಂದು ಜಟಕಾ ಹೋದವು, ಲದ್ದಿಯೂ ಹೋಯಿತು. ಎರಡೇ ವರ್ಷದಲ್ಲಿ ಇಳುವರಿ ನಾಲ್ಕಕ್ಕೆ ಇಳಿಯಿತು. ಇವಳು ಸುಮ್ಮನೆ ಕೂರಲಿಲ್ಲ. ಎಂಟು ಸಾಲು ರಾಗಿಗೆ ಒಂದು ಸಾಲು ಅವರೆ ಹಾಕಿದಳು, ಕುರಿ ಕಾಯುವ ಬೈಲಪ್ಪನಿಗೆ ದುಂಬಾಲು ಬಿದ್ದು ಹಿಕ್ಕೆ ಬೀಳಲೆಂದು ಬೇಸಿಗೆಯಲ್ಲಿ ಹೊಲದಲ್ಲೇ ಮಂದೆ ನಿಲ್ಲಿಸಿದಳು. ಮತ್ತೆ ಏಳು, ಎಂಟು. ಈಗ ಒಂಬತ್ತಕ್ಕೆ ಹತ್ತಿರ.

"ಗೊಬ್ಬರದಿಂದಾನೇ ಇಷ್ಟೊಂದಾ?" ಕೇಳಿದ ಕೆಂಪರಾಜ್.

"ಗೊಬ್ಬರ ಅರ್ಧ. ಇನ್ನರ್ಧ ಬೀಜ," ಎಂದಳು. "ಇವನು ಹುಟ್ಟಿದ ವರ್ಷ ತವರಿಂದ ಎರಡು ಸೇರು ತಂದಿದ್ದೆ. ಅದನ್ನ ನಾನು ಸಾಕಿದೀನಿ, ಇವನನ್ನ ಸಾಕಿದಂಗೆ. ಇವನಿಗಿಂತ ಅದು ಮಾತು ಕೇಳ್ತು."

ಮುನಿರಾಜ್ ನಕ್ಕ. ಬಡಿದಿದ್ದಾಯಿತು, ತೂರಿದ್ದಾಯಿತು. ಕೆಂಪರಾಜ್ ತಕ್ಕಡಿಯನ್ನು ಹುಣಸೆ ಕೊಂಬೆಗೆ ನೇತುಹಾಕಿದ. ಹೊಸ ಬೀಜ: ಐದು ಕಿಲೋ ಏಳುನೂರು. ಮನೆಬೀಜ: ಆರು ಕಿಲೋ ಇನ್ನೂರು.

ಮುನಿರಾಜ್ ಎರಡು ಸಲ ಮುಳ್ಳು ನೋಡಿದ. "ಆಯ್ತಮ್ಮಾ, ನೀನೇ ಗೆದ್ದೆ. ನನ್ನ ಮಾತು ಮುಗೀತು."

ಬೈರಮ್ಮನ ಮುಖ ಅರಳಿದ್ದು ಒಂದೇ ಕ್ಷಣ. ಮನೆಬೀಜದ ಚೀಲದೊಳಗೆ ಕೈ ಬಿಟ್ಟು ಕಾಳು ಎತ್ತಿ ನೋಡಿದಳು, ಎಂದಿಗಿಂತ ದಪ್ಪ. ಆಮೇಲೆ ಎದ್ದು ತನ್ನ ಹೊಲದ ಕಡೆ ನಡೆದಳು. ಬದುವಿಗೆ ಅಂಟಿದಂತೆ ಬೋಳಾಗಿದ್ದ ಚೌಕದ ಮುಂದೆ ನಿಂತು ಕೂಗಿದಳು:

"ಲೇ ಮಗಾ, ಇಲ್ಲೇನಾ ಕೊಯ್ದಿದ್ದು?"

"ಹೂಂ," ಎಂದ ಕೆಂಪರಾಜ್.

"ಇದು ಲೆಕ್ಕಕ್ಕಿಲ್ಲ. ಒಳಗೆ ಕೊಯ್ಯಿ."

"ಅಮ್ಮಾ, ಗೆದ್ದಿದೀಯ, ಸುಮ್ನಿರು!" ಎಂದ ಮುನಿರಾಜ್.

"ಗೆದ್ದಿದ್ದು ನನ್ನ ಬೀಜ ಅಲ್ಲ ಕಣೋ, ಜಾಗ." ಅವಳು ಕೆಂಪರಾಜನ ಕಡೆ ತಿರುಗಿದಳು. "ಬದುವಿನ ಪೈರಿಗೆ ಒಂದು ಮಗ್ಗುಲಲ್ಲಿ ಯಾರೂ ಇಲ್ಲ. ಬಿಸಿಲೆಲ್ಲ ಅದಕ್ಕೇ, ನೀರೂ ಅದಕ್ಕೇ, ಬೇರು ಬಿಡಾಕೂ ಅದಕ್ಕೇ ಜಾಗ. ಒಬ್ಬನೇ ಮಗ ಇರೋ ಮನೇಲಿ ಉಂಡಂಗೆ ಉಣ್ತದೆ, ದಪ್ಪ ಆಯ್ತದೆ. ಆ ದಪ್ಪ ನೋಡಿ ಬಿತ್ತನೆಗೆ ತಗೊಂಡ್ರೆ ಮುಂದಿನ ವರ್ಷ ಬರೀ ಹುಲ್ಲೇ. ಇಪ್ಪತ್ತೇಳು ವರ್ಷದಾಗೆ ಒಂದು ತೆನೆನೂ ನಾನು ಬದುವಿಂದ ಮುರಿದಿಲ್ಲ. ನಡುಹೊಲಕ್ಕೋಗ್ಬೇಕು. ನಾಕು ಕಡೆಯಿಂದ್ಲೂ ಒತ್ತಾಸ್ಕೊಂಡು, ಪಕ್ಕದೋರು ತಿಂದಷ್ಟೇ ತಿಂದು, ಆದ್ರೂ ಅವರಿಗಿಂತ ಚೆನ್ನಾಗೈತಲ್ಲ, ಆ ಪೈರಿನ ತೆನೆ ತಗೀಬೇಕು. ಅದು ಅದರ ಗುಣ. ಉಳಿದದ್ದೆಲ್ಲ ಜಾಗದ ಗುಣ."

ಕೆಂಪರಾಜ್ ಬದುವಿನ ಮೇಲೇ ಕುಳಿತುಬಿಟ್ಟ. ಟ್ರೈನಿಂಗಿನ ಎರಡನೇ ದಿನ ಇದನ್ನೇ ಹೇಳಿದ್ದರು. ಬಾರ್ಡರ್ ಎಫೆಕ್ಟ್ ಎಂದು ಬೋರ್ಡಿನ ಮೇಲೆ ಬರೆದಿದ್ದರು. ಪರೀಕ್ಷೆಯಲ್ಲಿ ಅದಕ್ಕೆ ಇವನು ಪೂರ್ತಿ ಅಂಕವನ್ನೂ ಹೊಡೆದಿದ್ದ. ಗೊತ್ತಿದ್ದವನು ಬೂಟು ನೋಡಿಕೊಂಡ. ಅಕ್ಷರ ಬಾರದವಳು, ಸೋಲಬಹುದೆಂದು ಗೊತ್ತಿದ್ದೂ, ಮತ್ತೆ ಕೊಯ್ಯಿ ಅನ್ನುತ್ತಿದ್ದಳು. ಆ ಎಕರೆಯನ್ನು ಅವನು ಹೊಸದಾಗಿ ನೋಡಿದ. ಒಂದೊಂದು ತೆನೆಯ ಹಿಂದೆ ಇಪ್ಪತ್ತೇಳು ಸುಗ್ಗಿ, ಪ್ರತಿ ಸುಗ್ಗಿಯಲ್ಲೂ ಒಬ್ಬ ಹೆಂಗಸು ಸಾವಿರಾರು ಪೈರಿನ ನಡುವೆ ನಿಂತು 'ನೀನು ಬಾ, ನೀನು ಬೇಡ' ಅಂದಿದ್ದಳು. ಕಣ್ಣಿಗೆ ಕಾಣುವಷ್ಟು ದೂರದಲ್ಲಿ ಬಸ್ಸುಗಳು ಹಾರ್ನ್ ಮಾಡುತ್ತ ಹೋಗುತ್ತಿದ್ದವು. ಯಾರಿಗೂ ಇದು ಗೊತ್ತಿರಲಿಲ್ಲ.

"ತಪ್ಪು ನಂದು," ಎಂದ. "ಬೂಟು ನೆನೆಯುತ್ತೆ ಅಂತ ಒಳಗೆ ಹೋಗಲಿಲ್ಲ."

"ಬೂಟಾ?" ಬೈರಮ್ಮ ಅವನ ಕಾಲನ್ನು ನೋಡಿ, "ಚೆಂದಾಗವೆ," ಎಂದಳು. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಹದಿನಾಲ್ಕು ಹೆಜ್ಜೆ ಒಳಗೆ ಹೋಗಿ ಮತ್ತೆ ಚೌಕ ಕಟ್ಟಿದ. ಈ ಸಲ ಬೈರಮ್ಮನೇ ಕೊಯ್ದಳು, ನೆಲಕ್ಕೆ ಬಿದ್ದ ತೆನೆಯನ್ನೂ ಬಿಡದೆ ಹೆಕ್ಕಿದಳು. ಬಡಿದು, ತೂರಿ, ಚೀಲವನ್ನು ತಾನೇ ಕೊಕ್ಕೆಗೆ ಸಿಕ್ಕಿಸಿದಳು. ಮುಳ್ಳು ನಡುಗಿ ನಿಂತಿತು.

ಐದು ಕಿಲೋ ಮುನ್ನೂರು.

ನಾನೂರು ಗ್ರಾಂ ಕಮ್ಮಿ. ಎಷ್ಟೋ ಜನ ಓದಿದವರು, ಲ್ಯಾಬುಗಳು, ವರ್ಷಗಟ್ಟಲೆ ಪ್ರಯೋಗ ಸೇರಿ ತಂದ ಬೀಜದ ಮುಂದೆ ಒಬ್ಬಳೇ ಹೆಂಗಸಿನದು ನಾನೂರು ಗ್ರಾಂ ಮಾತ್ರ ಹಿಂದೆ. ಗೆದ್ದವನು ಮುನಿರಾಜ್, ತಲೆ ತಗ್ಗಿಸಿ ನಿಂತವನೂ ಅವನೇ.

"ಅಮ್ಮಾ, ಆ ಮೂಲೇಲಿ ಒಂದು ನಾಕು ಸಾಲು ನಿಂದೂ ಇರ್ಲಿ ಬಿಡು," ಎಂದ ಮೆಲ್ಲಗೆ.

"ಒಪ್ಪಿದ್ಮೇಲೆ ಒಪ್ಪಿದಂಗೆ. ನಂದೆಲ್ಲ ಈ ವರ್ಷ ಮುದ್ದೆಗೋಗ್ಲಿ." ಸೆರಗಿನಲ್ಲಿ ಮುಖ ಒರೆಸಿಕೊಂಡಳು, ಧೂಳೂ ಇರಬಹುದು. ಆಮೇಲೆ ಮಡಿಲು ಕಟ್ಟಿ, ಹೊಸ ಬೀಜದ ಪೈರಿನೊಳಗೆ ಇಳಿದಳು.

"ಎಲ್ಲಿಗಮ್ಮಾ?"

"ಇನ್ನೆಲ್ಲಿಗೆ? ಮುಂದಿನ ವರ್ಷಕ್ಕೆ ಬಿತ್ತನೆ ತೆನೆ ಬೇಡವಾ? ಇವೆಲ್ಲ ಒಂದೇ ಥರ ಅಂತ ಇವರ ಆಫೀಸ್ನೋರು ತಿಳ್ಕೊಂಡವ್ರೆ. ನೋಡಿಲ್ಲಿ." ಅವಳು ಮೂರು ಪೈರನ್ನು ಮುಟ್ಟಿ ತೋರಿಸಿದಳು. ಕೆಂಪರಾಜನಿಗೆ ಮೂರೂ ತ್ರಿವಳಿ ಮಕ್ಕಳಂತೆ ಕಂಡವು. "ಇದಕ್ಕೆ ಗಾಳಿ ತಡೆಯಲ್ಲ, ಬಗ್ಗೈತೆ. ಇದರ ಒಂದು ತೆನೆ ಬಲಿತೈತೆ, ಇನ್ನೊಂದು ಹಸಿ. ಇದು ಮಾತ್ರ ಜಾಣ."

"ಅಜ್ಜಿ, ಇದೂ ನಿಮ್ಮ ಬೀಜದಷ್ಟು ಪಳಗೋಕೆ ಇನ್ನೂ ಇಪ್ಪತ್ತೇಳು ವರ್ಷ ಬೇಕಾಗುತ್ತೆ."

"ಅದಕ್ಕೇ ನಿಂತ್ಕೊಂಡು ಬಾಯಿ ಬಿಡ್ಬೇಡ. ಬಾ, ಆ ಸಾಲು ಹಿಡಿ."

ಅವನು ತೂಕ ಬರೆದ ಫಾರಮನ್ನು ಹುಣಸೆ ಬುಡದಲ್ಲಿಟ್ಟು, ಕಲ್ಲೊಂದನ್ನು ಹೇರಿ, ಪೈರಿನೊಳಗೆ ಇಳಿದ. ಹೊತ್ತು ನೆತ್ತಿಯಿಂದ ಜಾರುವವರೆಗೆ ಇಬ್ಬರೂ ನಡುಹೊಲದಲ್ಲಿದ್ದರು. ಬೈರಮ್ಮನ ಮಡಿಲು ತುಂಬಿ ಜೋಲುತ್ತಿತ್ತು. ಕೆಂಪರಾಜ್ ಅಷ್ಟು ಹೊತ್ತಿನಲ್ಲಿ ಆರೇ ಆರು ತೆನೆ ಆರಿಸಿ, ಬೊಗಸೆಯಲ್ಲಿ ಹಿಡಿದು ತಂದು ಮುಂದೆ ಚಾಚಿದ. ಅವಳು ಒಂದೊಂದನ್ನೇ ಎತ್ತಿ, ಅದು ಬೆಳೆದ ಪೈರು ಎಲ್ಲಿತ್ತು, ಅಕ್ಕಪಕ್ಕ ಹೇಗಿತ್ತು ಎಂದು ಕೇಳಿದಳು. ಕೇಳಿ ಕೇಳಿ ಐದನ್ನು ಮುದ್ದೆಯ ರಾಗಿಗೆ ಎಸೆದಳು.

ಆರನೆಯದನ್ನು ಬೆಳಕಿಗೆ ಹಿಡಿದು ತುಂಬ ಹೊತ್ತು ನೋಡಿದಳು. ಆಮೇಲೆ ಮಡಿಲಿಗೆ ಹಾಕಿಕೊಂಡಳು.