ಬಿಳಿ ಪಟ್ಟಿ ಬಿಚ್ಚಿಕೊಂಡು ಹೋದವರು

ಅವರ ಬಲಗೈ ಹೆಬ್ಬೆರಳಿನ ಉಗುರು ಮಾತ್ರ ಬೆಳ್ಳಗಿತ್ತು. ಉಳಿದ ಒಂಬತ್ತು ಉಗುರುಗಳು ಟೈರಿನ ಕಪ್ಪು ಹಿಡಿದು ಹುರಿದ ಹುರುಳಿಯ ಬಣ್ಣಕ್ಕೆ ತಿರುಗಿದ್ದವು. ಬಿಳಿ ರಬ್ಬರ್ ಹಾಳೆಯನ್ನು ಕತ್ತರಿಸಿದ ಮೇಲೆ ಅದರ ಅಂಚನ್ನು ಆ ಒಂದೇ ಉಗುರಿನಿಂದ ಉಜ್ಜಿ ನಯ ಮಾಡುತ್ತಿದ್ದರು. ಅದಕ್ಕೆಂದೇ ಆ ಉಗುರನ್ನು ಸ್ವಲ್ಪ ಉದ್ದ ಬಿಟ್ಟಿದ್ದರು.

ತುಮಕೂರಿನಿಂದ ಗುಬ್ಬಿಗೆ ಹೊರಡುವ ರಸ್ತೆಯಲ್ಲಿ ಅವರ ಟೈರ್ ಅಂಗಡಿ. ಎಲ್ಲರೂ ಭಾಯಿ ಎನ್ನುತ್ತಿದ್ದರು, ನಾನೂ ಹಾಗೆಯೇ ಕರೆದೆ. ಲಾರಿ, ಟೆಂಪೋಗಳ ಪಂಕ್ಚರ್ ಅವರ ಹೊಟ್ಟೆಪಾಡು. ಹಳೆಯ ಕಾರುಗಳ ಟೈರಿಗೆ ಬಿಳಿ ಪಟ್ಟಿ ಕೂರಿಸುವುದು ಅವರ ವಿದ್ಯೆ. ವಿದೇಶದಲ್ಲಿ ಟೈರಿನ ಪಕ್ಕೆಗೆ ಬಿಳಿ ಬಳೆ ಕಾರ್ಖಾನೆಯಲ್ಲೇ ಬರುತ್ತಿತ್ತಂತೆ. ನಮ್ಮಲ್ಲಿ ಅಂಥ ಟೈರು ಸಿಗುತ್ತಿರಲಿಲ್ಲ. ಭಾಯಿ ರಬ್ಬರ್ ಹಾಳೆಯಿಂದ ಬಳೆ ಕತ್ತರಿಸಿ, ಅದರ ಒಳ ಅಂಚನ್ನು ರಿಮ್ಮಿಗೂ ಟೈರಿಗೂ ನಡುವೆ ಸಿಕ್ಕಿಸಿ ಗಾಳಿ ತುಂಬುತ್ತಿದ್ದರು. ಗಾಳಿ ಏರಿದಂತೆ ಬಳೆ ಬಿಗಿದುಕೊಂಡು, ಟೈರಿನ ಜೊತೆಗೇ ಹುಟ್ಟಿದಂತೆ ಕೂತುಬಿಡುತ್ತಿತ್ತು. ತೊಂಬತ್ತರ ದಶಕದಲ್ಲಿ ಬೆಂಗಳೂರಿನಿಂದಲೂ ಜನ ಅವರನ್ನು ಹುಡುಕಿಕೊಂಡು ಬರುತ್ತಿದ್ದರು.

ನಾನು ಸೈನ್ಯದ ವಾಹನ ವಿಭಾಗದಿಂದ ಬಿಡುಗಡೆಯಾಗಿ ಗುಬ್ಬಿಯ ಶಾಲೆಯೊಂದರಲ್ಲಿ ಡ್ರಿಲ್ ಮೇಷ್ಟ್ರಾಗಿದ್ದೆ. ತಿಂಗಳ ಮೊದಲ ಭಾನುವಾರ ಬೆಳಿಗ್ಗೆ ಏಳಕ್ಕೆ ನನ್ನ ಹಳೇ ಲ್ಯಾಂಡ್‌ಮಾಸ್ಟರ್ ಕಾರನ್ನು ಗಾಳಿ ನೋಡಿಸಲು ಅವರಲ್ಲಿಗೆ ಒಯ್ಯುತ್ತಿದ್ದೆ. ಬಿಳಿ ಪಟ್ಟಿ ಕಂಡರೆ ನನಗಾಗುತ್ತಿರಲಿಲ್ಲ. ಗಾಡಿ ಕಾರ್ಖಾನೆಯಿಂದ ಹೇಗೆ ಬಂತೋ ಹಾಗೇ ಇರಬೇಕು, ಅದಕ್ಕೇಕೆ ಬಾಸಿಂಗ ಎಂದು ವಾದಿಸುತ್ತಿದ್ದೆ. ಒಂದು ಭಾನುವಾರ ಭಾಯಿ ಹಳೇ ಕ್ಯಾಲೆಂಡರ್ ಹಾಳೆಗಳ ಬೆನ್ನಿನಲ್ಲಿ ಬಳೆ ಬರೆದು, ಕತ್ತರಿಸಿ, ನನ್ನ ಗಾಡಿಯ ಎರಡು ಚಕ್ರಕ್ಕೆ ಅಂಟಿಸಿದರು.

"ರಸ್ತೆ ದಾಟಿ ಹೋಗಿ ನಿಂತ್ಕೊಳ್ಳಿ ಮೇಷ್ಟ್ರೇ. ಹತ್ರದಿಂದ ನೋಡಿದ್ರೆ ಎಲ್ಲಾ ಚೆನ್ನಾಗೇ ಕಾಣ್ತದೆ."

ದಾಟಿ ನೋಡಿದೆ. ಉಬ್ಬಿದ ಮಡ್ಗಾರ್ಡಿನ ಆ ಭಾರದ ಗಾಡಿ ನೆಲದಿಂದ ನಾಲ್ಕು ಇಂಚು ಎದ್ದು ನಿಂತಂತಿತ್ತು. ಅವರು ಬಂದು ಕಾಗದವನ್ನು ಇನ್ನಷ್ಟು ಸಣ್ಣಗೆ ಕತ್ತರಿಸಿದರು. "ಎರಡೇ ಬೆರಳು. ಮೂರಾದ್ರೆ ಗಾಡಿ ಸಾಕ್ಸ್ ಹಾಕ್ಕೊಂಡಂಗೆ ಆಯ್ತದೆ." ನನ್ನ ವಾದ ಅಲ್ಲಿಗೆ ಮುಗಿಯಿತು; ಮುಂದಿನ ತಿಂಗಳು ನಾಲ್ಕೂ ಚಕ್ರಕ್ಕೆ ಬಿಳಿ ಬಳೆ ಹಾಕಿಸಿಕೊಂಡೆ. ಈ ಕಾಗದದ ಪರೀಕ್ಷೆಯಲ್ಲಿ ಸೋತ ಗಾಡಿಗಳನ್ನು ಅವರು ಮುಟ್ಟುತ್ತಿರಲಿಲ್ಲ. ಚೌಕ ಮೂತಿಯ ಹೊಸ ಕಾರು ತಂದವರಿಗೆ, "ಟೈರು ತೆಳ್ಳಗೈತೆ, ಮುಖ ಚಪ್ಪಟೆ. ಬೇಡ ಸ್ವಾಮಿ, ನಗ್ತಾರೆ," ಎಂದು ಹೇಳಿ ಟೀ ಕುಡಿಸಿ ಕಳಿಸುತ್ತಿದ್ದರು.

ಟೀ ಮಾತ್ರ ಪಕ್ಕದ ಅಂಗಡಿಯದಲ್ಲ, ಇನ್ನೂರು ಹೆಜ್ಜೆ ಆಚೆಯದು. ಪಕ್ಕದವನು ಒಮ್ಮೆ ಅವರಿಗೆಂದು ಬೇರೆ ಇಟ್ಟಿದ್ದ ಸೀಳು ಲೋಟದಲ್ಲಿ ಕೊಟ್ಟಿದ್ದನಂತೆ. "ಹನ್ನೊಂದು ವರ್ಷ ಆಯ್ತಲ್ಲ ಭಾಯಿ?" ಎಂದೆ.

"ಹನ್ನೊಂದು ವರ್ಷ ಆಗಿರೋದು ಅವನಿಗೆ. ನಂಗೆ ನಿನ್ನೆ."

ಮತ್ತೊಂದು ಭಾನುವಾರ ನಾನು ಅಲ್ಲಿದ್ದಾಗಲೇ ಕುಣಿಗಲ್ ಕಡೆಯ ಕಲ್ಯಾಣ ಮಂಟಪದ ಯಜಮಾನರೊಬ್ಬರು ದೊಡ್ಡ ಹಳೇ ಕಾರಿನಲ್ಲಿ ಬಂದಿಳಿದರು. ಮದುವೆ ಗಂಡುಗಳನ್ನು ಮೆರೆಸಲು ಇಟ್ಟುಕೊಂಡಿದ್ದ ಗಾಡಿ.

"ನಾಲ್ಕು ಬೆರಳು ಅಗಲ ಇರ್ಲಿ ಸಾಬ್ರೇ. ದೂರಕ್ಕೆ ಕಾಣ್ಬೇಕು."

ಭಾಯಿ ಕಾಗದ ಹಿಡಿದು, ರಸ್ತೆ ದಾಟಿ ನೋಡಿ ಬಂದರು. "ಎರಡೂವರೆ. ಜಾಸ್ತಿ ನನ್ ಕೈಲಿ ಆಗಲ್ಲ."

"ಗಾಡಿ ನಂದು ಕಣಯ್ಯ."

"ಕೆಲ್ಸ ನಂದು ಯಜಮಾನ್ರೇ."

ಯಜಮಾನರು ಬಾಗಿಲು ದಬ್ಬಿ ಹೋದರು. ತಮ್ಮೂರಿನ ಬೋರ್ಡ್ ಬರೆಯುವವನ ಕೈಯಲ್ಲಿ ಟೈರಿಗೆ ಆಯಿಲ್ ಪೇಂಟ್ ಬಳಿಸಿಕೊಂಡು, ಆ ವರ್ಷ ತುಮಕೂರಿನ ಮೈದಾನದಲ್ಲಿ ನಡೆದ ಹಳೇ ಕಾರುಗಳ ಪ್ರದರ್ಶನಕ್ಕೆ ಗಾಡಿಯನ್ನು ಲಾರಿಯ ಮೇಲೆ ತಂದಿಳಿಸಿದರು. ಗೇಟಿನಿಂದ ಮೈದಾನದ ನಡುವಿಗೆ ಬರುವಷ್ಟರಲ್ಲಿ ಪೇಂಟು ಬಿರಿದು, ಸುಣ್ಣದ ಗೋಡೆಯಂತೆ ಚಕ್ಕೆ ಉದುರತೊಡಗಿತು. ಜನ ನಕ್ಕರು. ಬಹುಮಾನದ ಕಪ್ಪುಗಳನ್ನು ಕೊಡಿಸಿದ್ದವರು ಅವರೇ ಆದ್ದರಿಂದ ಮೈಕು ಅವರ ಕೈಗೆ ಸುಲಭವಾಗಿ ಸಿಕ್ಕಿತು.

"ಗುಬ್ಬಿ ರೋಡಿನ ಸಾಬ್ರು ಮಾಡಿರೋ ಕೆಲ್ಸ ಇದು! ರಬ್ಬರ್ ದುಡ್ಡು ತಗೊಂಡು ಪೇಂಟ್ ಬಳ್ದು ನನ್ ಗಾಡಿ ಕೆಡಿಸಿಟ್ಟವ್ನೆ. ಯಾರೂ ಆ ಅಂಗಡಿ ತಾವ ಹೋಗ್ಬೇಡ್ರಿ."

ಭಾಯಿ ನನ್ನ ಕಾರಿನ ಪಕ್ಕದಲ್ಲಿ ನಿಂತಿದ್ದರು. ಒಗೆದ ಬಿಳಿ ಶರ್ಟು, ತಲೆಗೆ ಹೊಸ ಟೋಪಿ. ಇನ್ನೂರು ಜನ ತಿರುಗಿ ನೋಡಿದರು. ಅವರು ಮಾತ್ರ ನನ್ನನ್ನು ನೋಡಿದರು. "ಮೇಷ್ಟ್ರೇ, ಅವತ್ತು ನೀವಿದ್ರಲ್ಲ. ಹೇಳಿ."

ಆ ದಿನ ಕಾರ್ಯಕ್ರಮದ ವೇಳೆ ನೋಡುವ ಕೆಲಸ ನನ್ನದು. ಕಾರುಗಳ ಮೆರವಣಿಗೆ ಹನ್ನೊಂದೂ ಕಾಲಿಗೆ ಹೊರಡಬೇಕಿತ್ತು, ಮೂರು ನಿಮಿಷವಿತ್ತು. ನಾನು ಗಡಿಯಾರ ನೋಡಿ, "ಆಮೇಲೆ ಮಾತಾಡೋಣ ಭಾಯಿ," ಎಂದು ಸೀಟಿ ಊದಿದೆ. ಮೆರವಣಿಗೆ ಸರಿಯಾದ ಹೊತ್ತಿಗೆ ಹೊರಟಿತು. ತಿರುಗಿ ಬಂದಾಗ ಭಾಯಿ ಇರಲಿಲ್ಲ.

ಮಾರನೇ ದಿನ ಬೆಳಿಗ್ಗೆ ಆರೂವರೆಗೆ ಅವರ ಮೊಪೆಡ್ ಗುಬ್ಬಿಯಲ್ಲಿ ನಮ್ಮ ಮನೆ ಮುಂದೆ ನಿಂತಿತು. ಜಾಕಿ, ಸಬ್ಬಲು, ಕಾಲಿನ ಪಂಪು ಇಳಿಸಿದರು. ನಾಲ್ಕು ಚಕ್ರ ಬಿಚ್ಚಿ, ಗಾಳಿ ಇಳಿಸಿ, ನಾಲ್ಕು ಬಿಳಿ ಬಳೆಗಳನ್ನು ಎಳೆದು ತೆಗೆದರು. ಮತ್ತೆ ಗಾಳಿ ತುಂಬಿ, ನಟ್ಟು ಬಿಗಿದು, ಗೇಜಿನಲ್ಲಿ ಎರಡೆರಡು ಸಲ ನೋಡಿದರು. ನನ್ನ ಹೆಂಡತಿ ತಂದ ಟೀ ಕುಡಿದು, "ಚೆನ್ನಾಗಿತ್ತಮ್ಮ," ಎಂದರು. ಆಮೇಲೆ ನನ್ನ ಕಡೆ ತಿರುಗಿದರು.

"ಈ ಗಾಡಿಗೆ ಬಿಳಿ ಪಟ್ಟಿ ಒಪ್ತದೆ ಮೇಷ್ಟ್ರೇ. ನಿಮಗೆ ಒಪ್ಪಲ್ಲ."

ಹಳೇ ಕಾರಿನವರು ಅವರ ಅಂಗಡಿಗೆ ಬರುವುದು ನಿಂತೇಹೋಯಿತು. ಬೆಂಗಳೂರಿನವರಿಗೂ ಸುದ್ದಿ ಮುಟ್ಟಿತ್ತು. ಆ ವರ್ಷವೆಲ್ಲ ಅವರು ಲಾರಿ ಟ್ಯೂಬಿಗೆ ತೇಪೆ ಹಾಕುತ್ತ ಕೂತರು. ಬಿಳಿ ರಬ್ಬರ್ ಸುರುಳಿ ಮೂಲೆಯಲ್ಲಿ ಧೂಳು ಹಿಡಿದು ಹಳದಿಗೆ ತಿರುಗಿತು. ತಿಂಗಳ ಭಾನುವಾರ ನಾನು ಹೋದರೆ ಗಾಳಿ ನೋಡಿ, ತಿರುಗಿ ಟ್ಯೂಬಿನ ಮುಂದೆ ಕೂರುತ್ತಿದ್ದರು.

ಮುಂದಿನ ಪ್ರದರ್ಶನಕ್ಕೆ ಸಿದ್ಧತೆ ಮಾಡುವಾಗ ಹಿಂದಿನ ವರ್ಷದ ಅರ್ಜಿಗಳ ಕಟ್ಟು ಬಿಚ್ಚಿದೆ. ಪ್ರತಿ ಗಾಡಿಯ ಕೆಲಸ ಯಾರು ಮಾಡಿದ್ದೆಂದು ಬರೆಯುವ ಕಾಲಂ ಒಂದಿತ್ತು. ಪೇಂಟು ಉದುರುವ ಮುಂಚೆ, ಬೆಳಿಗ್ಗೆ ಗೇಟಿನಲ್ಲಿ, ಯಜಮಾನರು ಜಂಬದಿಂದ ತಮ್ಮ ಕೈಯಾರೆ ಬರೆದಿದ್ದರು: "ಬಿಳಿ ಪಟ್ಟಿ: ನಮ್ಮೂರ ಪೇಂಟರ್, ನನ್ನ ಸ್ವಂತ ಉಸ್ತುವಾರಿ." ಕೆಳಗೆ ಸಹಿ. ಅಷ್ಟು ದಿನ ಆ ಕಾಗದ ನನ್ನ ಬೀರುವಿನಲ್ಲೇ ಇತ್ತು.

ನಾನು ಯಾರಿಗೂ ಹೇಳಲಿಲ್ಲ. ಯಜಮಾನರು ವೇದಿಕೆ ಹತ್ತಲಿ, ಹಾರ ಹಾಕಿಸಿಕೊಳ್ಳಲಿ, ಕ್ಯಾಮೆರಾದವರು ಬರಲಿ ಎಂದು ಕಾದೆ. ಕಾರ್ಯಕ್ರಮ ಪಟ್ಟಿಯಲ್ಲಿ ನನಗೆ ನಾಲ್ಕು ನಿಮಿಷ ಬರೆದುಕೊಂಡಿದ್ದೆ. ಮೈಕಿನ ಮುಂದೆ ನಿಂತು ಅರ್ಜಿಯನ್ನು ಅಕ್ಷರ ಬಿಡದೆ ಓದಿದೆ, ಸಹಿಯನ್ನೂ ಓದಿದೆ. ಭಾಯಿ ಆ ಕೆಲಸ ಒಲ್ಲೆನೆಂದಾಗ ನಾನೇ ಎದುರಿಗಿದ್ದೆ, ಕಳೆದ ವರ್ಷ ಬಾಯಿ ಬಿಡಲಿಲ್ಲ ಎಂದೂ ಹೇಳಿದೆ. ಮೂರು ನಿಮಿಷ ಸಾಕಾಯಿತು. ಹಿಂದಿನ ಸಾಲಿನಲ್ಲಿ ನಗು ಶುರುವಾಯಿತು. ಯಜಮಾನರ ಮುಖ ಕೊರಳ ಚೆಂಡುಹೂವಿನ ಬಣ್ಣಕ್ಕೆ ತಿರುಗಿತು.

"ಏನ್ ಮೇಷ್ಟ್ರೇ, ಹಿಂಗಾ ಮರ್ಯಾದೆ ತೆಗಿಯೋದು?"

"ಹೌದು," ಎಂದೆ.

ಸುಳ್ಳೇಕೆ, ಆ ಗಳಿಗೆಯ ರುಚಿ ಈಗಲೂ ನಾಲಿಗೆಯ ಮೇಲಿದೆ.

ನೇರ ಭಾಯಿಯ ಅಂಗಡಿಗೆ ಹೋಗಿ ವರದಿ ಒಪ್ಪಿಸಿದೆ. ಬಿಳಿ ಬಳೆಗಳನ್ನು ಅಲ್ಲೇ ಆಗಲೇ ಹಾಕಿಕೊಡುತ್ತಾರೆಂದು ನನ್ನ ಎಣಿಕೆ. ಅವರು ಟ್ಯೂಬನ್ನು ನೀರಿನ ತೊಟ್ಟಿಯಲ್ಲಿ ಅದ್ದಿ, ಗುಳ್ಳೆ ಏಳುವುದನ್ನು ನೋಡುತ್ತ ಕೇಳಿಸಿಕೊಂಡರು.

"ಚೆನ್ನಾಗ್ ಮಾಡಿದ್ರಿ ಮೇಷ್ಟ್ರೇ. ಒಂದು ವರ್ಷ ಲೇಟು."

ಹಳೇ ಕಾರಿನವರು ಮೆಲ್ಲಗೆ ತಿರುಗಿ ಬಂದರು. ಭಾಯಿ ಅವರ ಗಾಡಿಗಳಿಗೆ ಬಳೆ ಕೂರಿಸಿದರು. ನನ್ನ ಗಾಡಿಗೆ ಕೊನೆಯವರೆಗೂ ಬರೀ ಗಾಳಿ. ಅದೂ ಬೇರೆಯವರ ಕೈಗೆ ಬಿಡದೆ, ತಾವೇ ಮಂಡಿಯೂರಿ, ಕೂದಲೆಳೆಯಷ್ಟೂ ಹೆಚ್ಚುಕಮ್ಮಿ ಇಲ್ಲದೆ. ಕೆಲಸದಲ್ಲಿ ನನ್ನ ಮೇಲೆ ಹಗೆ ತೀರಿಸಿಕೊಳ್ಳಲಿಲ್ಲ. ಹಗೆಯನ್ನು ಬಿಡಲೂ ಇಲ್ಲ. ಸಾಕ್ಷಿ ಹೇಳುವುದಕ್ಕೂ ಒಂದು ಹೊತ್ತಿದೆ ಎಂಬುದನ್ನು, ಹೊತ್ತು ಪಾಲಿಸುವುದನ್ನೇ ಕಸುಬು ಮಾಡಿಕೊಂಡಿದ್ದ ನನಗೆ ಕಲಿಸಿದವರು ಅವರು.

ಎರಡು ಸಾವಿರದ ಇಸವಿಯ ಆಚೆ ಒಂದು ಬೇಸಿಗೆಯಲ್ಲಿ ಭಾಯಿ ಅಂಗಡಿಯಲ್ಲೇ ಎದೆ ಹಿಡಿದುಕೊಂಡು ತೀರಿಹೋದರು. ಮೂರನೇ ದಿನ, ದುಃಖ ಕೇಳಲು ಬರುವವರಿಗೆಂದು ಅವರ ಮನೆಯ ಮುಂದೆ ಕುರ್ಚಿ ಹಾಕಿದ್ದರು. ಕುಣಿಗಲ್ ಯಜಮಾನರೂ ಕೋಲೂರಿಕೊಂಡು ಬಂದರು. ಮನೆಯವರಿಗೆ ಕೈ ಮುಗಿದು, "ಒಳ್ಳೆ ಕೆಲ್ಸಗಾರ ಇದ್ದ," ಎಂದರು. ನನ್ನ ಹತ್ತಿರ ಬಂದು ಕೈ ಚಾಚಿದರು.

"ನಮಗೂ ವಯಸ್ಸಾಯ್ತು. ಹಳೇದೆಲ್ಲ ಬುಡಿ ಮೇಷ್ಟ್ರೇ."

ನಾನು ಎದ್ದು ನಿಂತು, ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡೆ.

"ಭಾಯಿ ನನ್ನನ್ನೇ ಬಿಡಲಿಲ್ಲ ಯಜಮಾನ್ರೇ. ನಿಮ್ಮನ್ನ ಬಿಡೋಕೆ ನಾನ್ಯಾರು?"